ಪಾದಗಳ ಹೆಸರು ಬಿಟ್ಟ ದಿನ

ತೀರ್ಥಹಳ್ಳಿ ಪೇಟೆಯಲ್ಲಿ ನಾನು 11 ವರ್ಷ ಯೋಗ ಕಲಿಸಿದ ಹಾಲ್ ಮೊದಲ ಮಹಡಿಯಲ್ಲಿತ್ತು. 17 ಮೆಟ್ಟಿಲು. ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯುತ್ತಿದ್ದರೂ ಅವನ್ನು ಎಣಿಸಿರಲಿಲ್ಲ. ಎಣಿಸಿದ್ದು, ಒಬ್ಬ ಹೆಂಗಸು ಕೆಳಗೆ ರಸ್ತೆ ಬದಿಯಲ್ಲೇ ನಿಂತು ನನ್ನನ್ನು ಕರೆಸಿಕೊಂಡ ದಿನ. ಅವರಿಗೆ ಹತ್ತಲು ಏನೂ ತೊಂದರೆ ಇರಲಿಲ್ಲ. "ನಮ್ಮನೇರಿಗೆ ಯೋಗ ಹೇಳಿಕೊಡ್ತೀರಾ ಕೇಳನ ಅಂತ ಬಂದೆ. ಅವ್ರು ಇಲ್ಲಿ ತನಕ ಬಂದ್ರೂ ಮೇಲೆ ಹತ್ತೋ ಹಾಗಿಲ್ಲ. ಹಂಗಾಗಿ ಇಲ್ಲೇ ಮಾತಾಡನ," ಅಂದರು.

ಅವರ ಯಜಮಾನರು ಕೊನೆಗಾರರು, ಅಡಿಕೆ ಮರ ಹತ್ತಿ ಕೊನೆ, ಅಂದರೆ ಗೊನೆ, ಕೊಯ್ಯುವವರು. ಒಂದು ಮರ ಹತ್ತಿದರೆ ನೆಲಕ್ಕಿಳಿಯದೆ, ಮರವನ್ನೇ ಬಗ್ಗಿಸಿಕೊಂಡು ಪಕ್ಕದ ಮರಕ್ಕೆ ದಾಟಿ, ಹಾಗೇ ಸಾಲು ಮುಗಿಸುತ್ತಿದ್ದವರು. ಈಗ ನೆಲದಲ್ಲೇ ನಿಂತು ಕಾರ್ಬನ್ ಫೈಬರ್ ದೋಟಿಯಿಂದ ಕೊನೆ ತೆಗೆಯುವುದು ಹೆಚ್ಚಾಗಿದೆ. ಮರದಿಂದ ಮರಕ್ಕೆ ಜೀಕುವವರು ನಮ್ಮ ಸೀಮೆಯಲ್ಲಿ ಕಡಿಮೆಯಾಗುತ್ತಿದ್ದಾರೆ. ಅವರು ಬಿದ್ದದ್ದು ಕೊಯ್ಲಿನಲ್ಲಿ ಅಲ್ಲ. ಆಷಾಢದ ಮಳೆ ಒಂದು ಹೊತ್ತು ಬಿಡುವು ಕೊಟ್ಟಾಗ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಹತ್ತಿದ್ದರು. ಮರ ಜಾರುತ್ತಿತ್ತು. ಬೆನ್ನುಮೂಳೆಯ ಎದೆಭಾಗ ಮುಗಿದು ಸೊಂಟದ ಭಾಗ ಶುರುವಾಗುವ ಕಡೆ ಮುರಿಯಿತು. ಆಪರೇಷನ್ ಮಾಡಿ ರಾಡು ಹಾಕಿದ್ದರು. ಸೊಂಟದಿಂದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶವೂ ಇಲ್ಲ. ಎರಡು ವರ್ಷದಿಂದ ಜಗಲಿಯಲ್ಲಿ ವೀಲ್‌ಚೇರ್.

ನನಗೆ ಆಗ ಗೊತ್ತಿದ್ದ ಯೋಗವೆಲ್ಲ ಎರಡು ಕಾಲ ಮೇಲೆ ನಿಂತವರದ್ದು. ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ, ಆಗುತ್ತದೆ ಎನ್ನಲು ಧೈರ್ಯವಿರಲಿಲ್ಲ. ಅವರ ಡಿಸ್ಚಾರ್ಜ್ ಸಮ್ಮರಿ ಇಸಿದುಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ. ಅಲ್ಲೊಬ್ಬರು ಫಿಸಿಯೋಥೆರಪಿಸ್ಟ್ ಪರಿಚಯದವರಿದ್ದರು. ಮಂಡಗದ್ದೆ, ಸಕ್ರೆಬೈಲು, ಗಾಜನೂರು, ದಾರಿಯುದ್ದಕ್ಕೂ ತುಂಗೆ ಪಕ್ಕದಲ್ಲೇ ಬರುತ್ತಾಳೆ. ಅವತ್ತು ಕಿಟಕಿಯಾಚೆ ನೋಡಿದ ನೆನಪೇ ಇಲ್ಲ.

ಆ ಫಿಸಿಯೋ ನನ್ನ ಜೊತೆ ಕೂತದ್ದು ಒಂದು ಗಂಟೆಗಿಂತ ಹೆಚ್ಚು. ಆಸನಗಳ ಮಾತೇ ಎತ್ತಲಿಲ್ಲ. ಮೊದಲು ಚರ್ಮದ ಬಗ್ಗೆ ಹೇಳಿದರು. ಸ್ಪರ್ಶ ಇಲ್ಲದ ಕಡೆ ಒತ್ತಡ ಬಿದ್ದರೆ ಅವರಿಗೆ ಗೊತ್ತಾಗುವುದಿಲ್ಲ. ನಮಗಾದರೆ ಕೂತು ಕೂತು ಬೇಸರವಾಗಿ ನಾವೇ ಮಗ್ಗುಲು ಬದಲಿಸುತ್ತೇವೆ. ಅವರು ಬದಲಿಸದಿದ್ದರೆ ರಕ್ತ ಓಡಾಡದೆ ಹುಣ್ಣಾಗುತ್ತದೆ, ಆ ಹುಣ್ಣು ಮೂಳೆಯವರೆಗೂ ಇಳಿಯಬಹುದು. ಆದ್ದರಿಂದ ಹದಿನೈದರಿಂದ ಮೂವತ್ತು ನಿಮಿಷಕ್ಕೊಮ್ಮೆ ಮುಂದಕ್ಕೋ ಪಕ್ಕಕ್ಕೋ ವಾಲಿ ಒಂದೆರಡು ನಿಮಿಷ ಭಾರ ತೆಗೆಯಬೇಕು. ಬರೀ ಚಾಪೆ ಹಾಸಿ ಗಟ್ಟಿ ನೆಲದ ಮೇಲೆ ಕೂರಿಸಬಾರದು. ಎರಡನೆಯದು ಮೂಳೆ. ಭಾರ ಹೊರದ ಕಾಲಿನ ಮೂಳೆ ದಿನ ಹೋದ ಹಾಗೆ ಸವೆಯುತ್ತದೆ. "ಕಾಲು ಹಿಡಿದು ಪದ್ಮಾಸನಕ್ಕೆ ಮಡಚಲು ಹೋದರೆ ತೊಡೆಮೂಳೆ ಮುರಿದೀತು, ಅವರಿಗೆ ನೋವೂ ಆಗದೆ ಇರಬಹುದು," ಅಂದರು. ಆ ಮಾತು ಕೇಳಿ ಕೈ ತಣ್ಣಗಾಯಿತು.

ಇನ್ನೊಂದು ಎಚ್ಚರಿಕೆಯನ್ನು ಮುಂದೆ ಬೇರೆಯವರು ಬಂದಾರು ಎಂದು ಬರೆಸಿ ಕಳಿಸಿದರು. ಎದೆಭಾಗದ ಆರನೇ ಕಶೇರುವಿನ, ಅಂದರೆ ಬೆನ್ನುಮೂಳೆಯ ಮಣಿಯ, ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾದವರಿಗೆ, ಮೂತ್ರಕೋಶ ತುಂಬಿದ್ದರೂ ಸಾಕು, ಕೆಳಗಿನ ಒಂದು ಸಣ್ಣ ಕಿರಿಕಿರಿಗೆ ರಕ್ತದೊತ್ತಡ ಇದ್ದಕ್ಕಿದ್ದಂತೆ ಏರಬಹುದು. ತಲೆ ಸಿಡಿಯುವ ನೋವು, ಮುಖ ಕೆಂಪು, ಬೆವರು. ಆಗ ಶವಾಸನ ಹೇಳಬಾರದು. ನೆಟ್ಟಗೆ ಕೂರಿಸಬೇಕು, ಬಿಗಿಯಾದದ್ದನ್ನೆಲ್ಲ ಸಡಿಲಿಸಬೇಕು, ಮೂತ್ರದ ನಳಿಗೆ ಮಡಚಿಕೊಂಡಿದೆಯೇ ನೋಡಬೇಕು, ತಗ್ಗದಿದ್ದರೆ ಕೂಡಲೇ ಆಸ್ಪತ್ರೆ. ಯೋಗ ಕಲಿಸುವವರು ಯಾರೇ ಆಗಲಿ, ಬೆನ್ನುಹುರಿ ಪೆಟ್ಟಿನವರನ್ನು ಸೇರಿಸಿಕೊಳ್ಳುವ ಮೊದಲು ಇಷ್ಟನ್ನು ಬಾಯಿಪಾಠ ಮಾಡಿಕೊಂಡಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲ ಆರು ತಿಂಗಳು ನಾನೇ ಅವರ ಮನೆಗೆ ಹೋಗುತ್ತಿದ್ದೆ, ವಾರಕ್ಕೆ ಎರಡು ದಿನ. ಊರವರೆಲ್ಲ ಅವರ ಕಾಲಿನ ಬಗ್ಗೆ ಕೇಳುತ್ತಿದ್ದರು. ಆದರೆ ಅವರಿಗೆ ನೋಯುತ್ತಿದ್ದದ್ದು ಭುಜ. ಗಾಡಿ ತಳ್ಳುವುದು, ಹಾಸಿಗೆಯಿಂದ ಕುರ್ಚಿಗೆ ಮೈ ಎತ್ತಿ ಹಾಕಿಕೊಳ್ಳುವುದು, ಎಲ್ಲವೂ ಕೈಯ ಮೇಲೆಯೇ. ಮರ ಹತ್ತಿದ ಕೈ, ಅದಕ್ಕೆ ಇನ್ನಷ್ಟು ಬಲ ಬೇಕಿರಲಿಲ್ಲ, ಬಿಡುವು ಬೇಕಿತ್ತು. ಹಾಗಾಗಿ ನಮ್ಮ ಪಾಠ ಕೈ ಕೆಳಗೆ ಬಿಡುವುದರಿಂದ ಶುರುವಾಯಿತು. ಕುರ್ಚಿಯಲ್ಲಿ ತಾಡಾಸನ: ಎರಡು ಅಂಗೈ ತೊಡೆಯ ಮೇಲೆ, ಉಸಿರು ಎಳೆಯುವಾಗ ಮೆಲ್ಲಗೆ ಒತ್ತುವುದು, ಎದೆ ಮೇಲೇಳುವುದು, ಬಿಡುವಾಗ ಭುಜ ಕಿವಿಯಿಂದ ದೂರ ಇಳಿಯುವುದು. ಶಶಾಂಕಾಸನಕ್ಕೆ ಎದುರಿಗೊಂದು ಬೆಂಚು, ಅದರ ಮೇಲೆ ಎರಡು ದಿಂಬು, ದಿಂಬಿನ ಮೇಲೆ ಹಣೆ. ಅಷ್ಟು ಹೊತ್ತು ಕೂರುವ ಮೂಳೆಗಳ ಮೇಲಿನ ಭಾರವೂ ಹಗುರಾಗುತ್ತಿತ್ತು. ಫಿಸಿಯೋ ಹೇಳಿದ ಲೆಕ್ಕ ನಮ್ಮ ಪಾಠದೊಳಗೇ ಬಂದುಬಿಟ್ಟಿತು. ದಿನವಿಡೀ ಕೂತು ಸೊಂಟದ ಮುಂಭಾಗ ಬಿಗಿದುಕೊಂಡಿತ್ತು. ಅದಕ್ಕೆ ದಪ್ಪ ಹಾಸಿಗೆಯ ಮೇಲೆ ಹೊಟ್ಟೆಯಡಿಯಾಗಿ ಮಲಗುವ ಮಕರಾಸನ. ಬೆನ್ನನ್ನು ಹಿಂದಕ್ಕೆ ಬಾಗಿಸುವ ಭುಜಂಗಾಸನ ಮಾಡಿಸಲಿಲ್ಲ, ಬೆನ್ನಲ್ಲಿ ರಾಡು ಇತ್ತು.

ಉಪಕರಣ ಅಂತ ಕೊಂಡದ್ದು ಕಡಿಮೆ. ಊಟದ ಮಣೆ, ಹಳೇ ಕಂಬಳಿ, ಮಡಿಸಿದ ಪಂಚೆ, ಗೋಡೆಗೆ ಒತ್ತಿ ಇಟ್ಟ ಕಬ್ಬಿಣದ ಕುರ್ಚಿ. ಪ್ಲಾಸ್ಟಿಕ್ ಕುರ್ಚಿಯನ್ನು ಯಾರೂ ಬಳಸಬೇಡಿ, ಗಾರೆ ನೆಲದಲ್ಲಿ ಜಾರುತ್ತದೆ. ಇದು ಹೊಸ ದಾರಿಯೇನೂ ಅಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರು ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಅನುಭವಿಸಿದವರು. ಕುರ್ಚಿ, ಹಗ್ಗ, ಕಂಬಳಿ, ಮರದ ತುಂಡುಗಳನ್ನು ಆಸನಕ್ಕೆ ಆಧಾರವಾಗಿ ಲೋಕಕ್ಕೆಲ್ಲ ತೋರಿಸಿಕೊಟ್ಟವರು. ಅಮೆರಿಕದ ಮ್ಯಾಥ್ಯೂ ಸ್ಯಾನ್‌ಫರ್ಡ್ 1978ರಲ್ಲಿ, 13ನೇ ವಯಸ್ಸಿಗೆ, ಕಾರು ಅಪಘಾತದಲ್ಲಿ ಎದೆಯಿಂದ ಕೆಳಗೆ ಸ್ವಾಧೀನ ಕಳೆದುಕೊಂಡು, ಮುಂದೆ ಅಯ್ಯಂಗಾರ್ ಪದ್ಧತಿಯಲ್ಲೇ ಕಲಿತು ಯೋಗ ಶಿಕ್ಷಕರಾದವರು. ಯೋಗಸೂತ್ರದಲ್ಲಿ ಪತಂಜಲಿ ಆಸನದ ಬಗ್ಗೆ ಹೇಳಿದ್ದೇ ಮೂರು ಸೂತ್ರ. ಮೊದಲನೆಯದು "ಸ್ಥಿರಸುಖಮಾಸನಮ್", ಸ್ಥಿರವೂ ಸುಖವೂ ಆಗಿರುವುದೇ ಆಸನ. ಕಾಲು ಎಲ್ಲಿರಬೇಕು ಅಂತ ಆ ಮೂರರಲ್ಲಿ ಎಲ್ಲೂ ಇಲ್ಲ. ವರ್ಷಗಟ್ಟಲೆ ಪಠಿಸಿದ ಸೂತ್ರ. ಅದರಲ್ಲಿ ಏನು ಇಲ್ಲ ಎನ್ನುವುದನ್ನು ಆ ಜಗಲಿಯಲ್ಲಿ ಕೂತು ಗಮನಿಸಿದೆ.

ಎರಡನೇ ತಿಂಗಳಲ್ಲಿ ಯೋಗನಿದ್ರೆ ಶುರು ಮಾಡಿದೆ. ಅಂಗಗಳ ಹೆಸರು ಹೇಳುತ್ತಾ ಹೋಗುವುದು, ಮಲಗಿದವರು ಗಮನವನ್ನು ಅಲ್ಲಲ್ಲಿಗೆ ಒಯ್ಯುವುದು, ಇದು ಅದರ ಕ್ರಮ. ಬಲಗೈ ಹೆಬ್ಬೆರಳು, ತೋರುಬೆರಳು, ಅಂಗೈ, ಮಣಿಕಟ್ಟು, ಮೊಣಕೈ, ಭುಜ, ಪಕ್ಕೆ, ಸೊಂಟ. ಅಲ್ಲಿಗೆ ಬಂದವಳು ಕೆಳಗೆ ಇಳಿಯದೆ ಎಡಗೈಗೆ ದಾಟಿದೆ. ಎಡಗಡೆಯೂ ಹಾಗೇ, ಸೊಂಟದಿಂದ ಬೆನ್ನಿಗೆ. ಹಿಂದಿನ ರಾತ್ರಿಯೇ ಯೋಚಿಸಿ ಇಟ್ಟುಕೊಂಡಿದ್ದೆ. ಇಲ್ಲದ ಸ್ಪರ್ಶವನ್ನು ಹುಡುಕಲು ಹೇಳಿ ಯಾಕೆ ಅವರನ್ನು ನೋಯಿಸಲಿ ಅಂತ.

ಎದ್ದು ಕೂತ ಮೇಲೆ ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಟೀಚ್ರೆ, ನನ್ ಕಾಲು ಎಂತಕ್ಕೆ ಬಿಟ್ರಿ?"

ನಾನು ಏನೋ ತಡವರಿಸಿದೆ.

"ಗೊತ್ತಾಗಲ್ಲ, ಹೌದು. ಆದ್ರೆ ಇದಾವಲ್ಲ. ಮನೇಲಿ ಯಾರೂ ಅದ್ರ ಸುದ್ದಿ ಎತ್ತಲ್ಲ, ನಂಗೆ ಬೇಜಾರಾಗ್ತದೆ ಅಂತ. ನೀವೂ ಬಿಟ್ರೆ ಅವು ಯಾರ ಕಾಲು?"

ಒಳಗಿನಿಂದ ಅವರ ಹೆಂಡತಿ ಕಾಫಿ ತಂದವರು ಬಾಗಿಲಲ್ಲೇ ನಿಂತುಬಿಟ್ಟರು.

ಮುಂದಿನ ಸಲ ಪಾಠಕ್ಕೆ ಮೊದಲು ಕೇಳಿದೆ, ಹೇಗೆ ಹೇಳಲಿ ಅಂತ. "ಎಲ್ಲಾ ಹೇಳಿ. ಬೆರಳು ಬೆರಳೂ ಹೇಳಿ," ಅಂದರು. ಮಲಗುವ ಮೊದಲು ತಾವೇ ಒಂದೊಂದು ಕಾಲನ್ನು ಕೈಯಲ್ಲಿ ಎತ್ತಿ, ಅಂಗಾಲನ್ನು ಅಂಗೈಯಿಂದ ಉಜ್ಜಿ, ಜೋಡಿಸಿ ಇಟ್ಟುಕೊಂಡರು. ನಾನು ಬಲಗಾಲಿನ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಹೆಸರು ಹೇಳಿದೆ. ಆ ಹೆಸರುಗಳನ್ನು ಸಾವಿರ ಸಲ ಹೇಳಿದ್ದೇನೆ, ಅಷ್ಟು ನಿಧಾನವಾಗಿ ಯಾವತ್ತೂ ಹೇಳಿರಲಿಲ್ಲ. ಎದ್ದ ಮೇಲೆ ಅವರು ಮರದ ಮಾತು ತೆಗೆದರು. ಮರ ಪೊಳ್ಳಾಗಿದ್ದರೆ, ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದಷ್ಟು ಪಾಚಿ ಕಟ್ಟಿದ್ದರೆ, ಮೊದಲು ತಿಳಿಯುತ್ತಿದ್ದದ್ದು ಅಂಗಾಲಿಗಂತೆ. ಕೈಗೆ ಆಮೇಲೆ, ಕಣ್ಣಿಗೆ ಎಲ್ಲಕ್ಕಿಂತ ಕೊನೆಗೆ. ಅವರ ಮೈಯಲ್ಲಿ ಎಲ್ಲಕ್ಕಿಂತ ಹೆಚ್ಚು ವಿದ್ಯೆ ಇದ್ದ ಜಾಗವನ್ನೇ ನಾನು ಹಾರಿಸಿಬಿಟ್ಟಿದ್ದೆ.

ಹಾಗಂತ ಇದನ್ನು ನಿಯಮ ಮಾಡಿಕೊಂಡೆನೇ? ಇಲ್ಲ. ಸಕ್ಕರೆ ಕಾಯಿಲೆಯಿಂದ ಮೊಣಕಾಲಿನ ಕೆಳಗೆ ಕಾಲು ತೆಗೆಸಿಕೊಂಡ ಒಬ್ಬ ಅಮ್ಮ ಮರುವರ್ಷ ಸೇರಿದರು. ಇಲ್ಲದ ಪಾದ ರಾತ್ರಿ ಹೊತ್ತು ಉರಿಯುತ್ತದೆ ಎನ್ನುತ್ತಿದ್ದರು. ಕತ್ತರಿಸಿದ ಮೇಲೂ ಮೆದುಳಿನಲ್ಲಿ ಆ ಅಂಗದ ಗುರುತು ಉಳಿದಿರುತ್ತದೆ, ಹಾಗಾಗಿ ಈ ಉರಿ ನಿಜವಾದ ಉರಿಯೇ. ಅವರನ್ನೂ ಕೇಳಿದೆ. "ಬೇಡ ಮಾರಾಯ್ತಿ, ಈಗಷ್ಟೇ ಸುಮ್ಮನಾಗಿದೆ, ಕರೆದು ಎಬ್ಬಿಸಬೇಡ," ಅಂದರು. ಅವರಿಗೆ ಮೊಣಕಾಲಿಗೇ ನಿಲ್ಲಿಸುತ್ತೇನೆ.

ಕೇಳುವುದೊಂದನ್ನು ಕಲಿತರೆ ಸಾಕು ಅಂದುಕೊಂಡಿದ್ದೆ. ಅದೂ ಸಾಲದು ಅಂತ ತೋರಿಸಿಕೊಟ್ಟವರು ಒಬ್ಬರು ನಿವೃತ್ತ ಮೇಷ್ಟ್ರು. ಪಾರ್ಶ್ವವಾಯು ಹೊಡೆದು ಬಲಗೈ ಬಲಗಾಲು ಸೋತಿದ್ದವು. ಎಡ ಮೆದುಳಿಗೆ ಪೆಟ್ಟಾದರೆ ಬಲ ಭಾಗದ ಜೊತೆಗೆ ಮಾತೂ ಹೋಗುವುದುಂಟು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವರ ಬಾಯಲ್ಲಿ ಉಳಿದಿದ್ದದ್ದು "ಸರಿ" ಎಂಬ ಒಂದೇ ಮಾತು. ಮೊದಲ ವಾರ ಅವರ ಬಲಗೈ ಹಿಡಿದು ನಾನು ತಲೆಯ ಮೇಲಕ್ಕೆ ಎತ್ತಿಸಿದೆ. ನೋಯ್ತದಾ ಮೇಷ್ಟ್ರೆ ಅಂತ ಕೇಳಿದೆ, ಕೇಳಿಯೇ ಎತ್ತಿದೆ. "ಸರಿ, ಸರಿ," ಅಂದರು. ಇನ್ನೂ ಸ್ವಲ್ಪ ಎತ್ತಿದೆ. "ಸರಿ ಸರಿ ಸರಿ."

ಮಾರನೇ ದಿನ ಅವರ ಮಗಳು ಫೋನ್ ಮಾಡಿ, ಅಪ್ಪ ರಾತ್ರಿಯಿಡೀ ಭುಜ ಹಿಡಿದುಕೊಂಡು ಕೂತಿದ್ದರು ಅಂದಳು. ಸ್ವಾಧೀನ ಇಲ್ಲದ ಭುಜದಲ್ಲಿ ಸ್ನಾಯುಗಳ ಹಿಡಿತ ಸಡಿಲಾಗಿ ಕೀಲು ಕೆಳಗೆ ಜೋತಿರುತ್ತದೆ, ಆ ಕೈಯನ್ನು ಎಳೆಯಲೇಬಾರದು. ಇದು ಗೊತ್ತಿರಬೇಕಿತ್ತು, ಗೊತ್ತಿರಲಿಲ್ಲ. ತಪ್ಪು ನನ್ನದು. ಮನೆಗೆ ಹೋಗಿ ಕ್ಷಮೆ ಕೇಳಿದೆ. ಮೇಷ್ಟ್ರು ನನ್ನ ತಲೆಯ ಮೇಲೆ ಎಡಗೈ ಇಟ್ಟು "ಸರಿ" ಅಂದರು. ಆ ಸರಿಗೆ ಏನರ್ಥ ಅಂತ ಮಾತ್ರ ನನಗೆ ಸಂಶಯ ಬರಲಿಲ್ಲ.

ಆಮೇಲೆ ಅವರ ಮಗಳೂ ನಾನೂ ಸೇರಿ ಒಂದು ರಟ್ಟಿನ ಮೇಲೆ ಮೂರು ಮುಖ ಬರೆದೆವು: ನಗುವ ಮುಖ, ಸುಮ್ಮನಿರುವ ಮುಖ, ನೋವಿನ ಮುಖ. ಎಡಗೈ ಬೆರಳಿಟ್ಟು ತೋರಿಸುತ್ತಾರೆ. ಈಗ ಅವರ ಬಲಗೈ ಎತ್ತುವುದು ನಾನಲ್ಲ. ಮೇಜಿನ ಮೇಲೆ ಬೈರಾಸು ಹಾಸಿ, ಎರಡೂ ಕೈ ಒಟ್ಟಿಗೆ ಇಟ್ಟು, ಎಡಗೈ ಬಲಗೈಯನ್ನು ಮುಂದಕ್ಕೆ ಜಾರಿಸುತ್ತದೆ, ಉಸಿರಿನ ಜೊತೆ ಹಿಂದಕ್ಕೆ ತರುತ್ತದೆ. ಭುಜದ ಎತ್ತರ ದಾಟುವುದಿಲ್ಲ. ಮಾತು ಬರದವರಿಗೂ ಓಂಕಾರ ಬರುವುದುಂಟು, ಹಾಡು ಬರುವುದುಂಟು. ಮೇಷ್ಟ್ರು ನಮ್ಮೆಲ್ಲರಿಗಿಂತ ಉದ್ದವಾಗಿ ಓಂಕಾರ ಎಳೆಯುತ್ತಾರೆ.

ಅಷ್ಟು ಹೊತ್ತಿಗೆ ಐದಾರು ಜನರಾಗಿದ್ದರು, ಮನೆಮನೆಗೆ ಹೋಗಲು ನನಗೆ ಆಗುತ್ತಿರಲಿಲ್ಲ. ಪರಿಚಯದವರೊಬ್ಬರು ಖಾಲಿ ಬಿದ್ದಿದ್ದ ತಮ್ಮ ಅಡಿಕೆ ದಾಸ್ತಾನಿನ ಕೋಣೆ ಕೊಟ್ಟರು. ನೆಲಮಟ್ಟದಲ್ಲೇ ಇದೆ, ಆಟೋ ಬಾಗಿಲ ತನಕ ಬರುತ್ತದೆ. ನಾನು ಚಾಪೆ, ದಿಂಬುಗಳ ಪಟ್ಟಿ ಮಾಡುತ್ತಿದ್ದರೆ ಕೊನೆಗಾರರು ಕೇಳಿದ ಮೊದಲ ಪ್ರಶ್ನೆ: "ಪಾಯಿಖಾನೆ ಬಾಗಿಲು ಎಷ್ಟು ಅಗಲ?" ಅಳೆದರೆ ಎರಡಡಿ. ವೀಲ್‌ಚೇರ್ ಹೋಗುವುದಿಲ್ಲ. ಒಳಗೆ ನೆಲಮಟ್ಟದ ಬೇಸಿನ್. ಪಾಯಿಖಾನೆಗೆ ಹೋಗಲಾಗದ ಕಡೆಗೆ ಬರುವವರು ಬೆಳಿಗ್ಗೆಯಿಂದ ನೀರು ಕುಡಿಯದೆ ಬರುತ್ತಾರೆ, ಅದರಿಂದ ಮೂತ್ರದ ಸೋಂಕು. ಇದು ಅವರು ಹೇಳಿದ ಮೇಲೆಯೇ ನನಗೆ ತಿಳಿದದ್ದು. ಹಾಸು ದಿಂಬಿಗೆ ಇಟ್ಟಿದ್ದ ದುಡ್ಡೆಲ್ಲ ಬಾಗಿಲು ಒಡೆದು ಅಗಲಿಸಲು, ಕಮೋಡ್ ಕೂರಿಸಲು, ಗೋಡೆಗೆ ಎರಡು ಹಿಡಿಕೆ ಹಾಕಲು ಹೋಯಿತು. ದಿಂಬುಗಳನ್ನು ಎಲ್ಲರೂ ಮನೆಯಿಂದ ತಂದರು. ಈ ಖರ್ಚಿನ ಬಗ್ಗೆ ನನಗೆ ಇವತ್ತಿಗೂ ಬಹಳ ಸಮಾಧಾನವಿದೆ.

ಆ ಕೋಣೆಗೆ ಬಂದವರಲ್ಲಿ ಪಾರ್ಕಿನ್ಸನ್ ಇರುವ ಅಜ್ಜಿ ಒಬ್ಬರು. ಅವರ ಕಷ್ಟ ಹೊಸಿಲು. ಅಲ್ಲಿಯ ತನಕ ನಡೆದು ಬಂದವರು ಬಾಗಿಲಲ್ಲಿ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿದ್ದರು. ಈ ಕಾಯಿಲೆಯಲ್ಲಿ ಇಕ್ಕಟ್ಟಾದ ಜಾಗ, ಬಾಗಿಲು ಬಂದಾಗ ಹೀಗಾಗುವುದು ಹೆಚ್ಚು. ಹಿಂದಿನಿಂದ ತಳ್ಳಿದರೆ ಬೀಳುತ್ತಾರೆ. ದಾಟಲು ಒಂದು ಗೆರೆ ಕಂಡರೆ ಅಥವಾ ತಾಳ ಕೇಳಿದರೆ ಕಾಲು ಏಳುತ್ತದೆ. ಅಜ್ಜಿಯ ಮೊಮ್ಮಗಳು ಕೋಣೆಯ ಕೆಂಪು ಗಾರೆಯ ಮೇಲೆ ರಂಗೋಲಿ ಪುಡಿಯಲ್ಲಿ ಗೇಣು ಬಿಟ್ಟು ಗೇಣಿಗೆ ಅಡ್ಡಗೆರೆ ಎಳೆದಳು. ಅಜ್ಜಿ ದೇವರನಾಮ ಗುನುಗುತ್ತಾ ಒಂದೊಂದೇ ಗೆರೆ ದಾಟಿ ಒಳಗೆ ಬಂದರು. ನಾವೆಲ್ಲ ಉಸಿರು ಹಿಡಿದು ನೋಡುತ್ತಿದ್ದೆವು. ಈಗ ಗೆರೆಗಳು ಬಿಳಿ ಬಣ್ಣದಲ್ಲಿ ಕಾಯಂ ಆಗಿವೆ. ಪಾಠದ ಹೊತ್ತನ್ನೂ ಅಜ್ಜಿಯ ಮಾತ್ರೆ ನೋಡಿ ಇಟ್ಟಿದ್ದೇವೆ. ಮಾತ್ರೆ ಹಿಡಿದ ಹೊತ್ತಿನಲ್ಲಿ ಮೈ ಹಗುರ, ಇಳಿದ ಮೇಲೆ ಎಷ್ಟು ಹೇಳಿದರೂ ಕಲ್ಲು.

ಕಾಡಂಚಿನ ಊರಿನ ಒಬ್ಬ ತಂಗಿ ಮಂಗನ ಕಾಯಿಲೆ ಬಂದು ಹೋದ ಮೇಲೆ ತಿಂಗಳುಗಟ್ಟಲೆ ನಿತ್ರಾಣದಲ್ಲಿದ್ದಳು. ಕಾಡಿಗೆ ದರಗು, ಅಂದರೆ ಒಣಗಿದ ಎಲೆ, ತರಲು ಹೋದಾಗ ಉಣುಗು (ಉಣ್ಣೆ ಹುಳ) ಕಚ್ಚಿತ್ತು. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು. ಅವಳಿಗೆ ನಾನು ಕಲಿಸಿದ್ದು ಒಂದೇ: ಸುಸ್ತಾಗುವ ಮೊದಲೇ ನಿಲ್ಲಿಸುವುದು. ಮೊದಲು ಹತ್ತು ನಿಮಿಷ ಮಲಗಿ ಉಸಿರು ನೋಡುವುದು, ಅಷ್ಟೇ. ಮನೆಯಲ್ಲಿ ಕೆಲಸವೆಲ್ಲ ತಲೆಯ ಮೇಲೆ ಹೊತ್ತವಳಿಗೆ ಅದೇ ಎಲ್ಲಕ್ಕಿಂತ ಕಷ್ಟದ ಪಾಠವಾಯಿತು.

ಒಂದು ವರ್ಷ ಜೂನ್ 21ರ ಯೋಗ ದಿನಕ್ಕೆ ಒಂದು ಸಂಸ್ಥೆಯವರು ನಮ್ಮನ್ನು ಪ್ರದರ್ಶನಕ್ಕೆ ಕರೆದರು. ವೇದಿಕೆ ನಾಲ್ಕಡಿ ಎತ್ತರ, ಇಳಿಜಾರು ಇರಲಿಲ್ಲ. ಕುರ್ಚಿ ಸಮೇತ ನಾಲ್ಕು ಜನ ಎತ್ತಿ ಇಡುತ್ತಾರೆ, ನೀವು ಯೋಚನೆ ಮಾಡಬೇಡಿ ಅಂದರು. ಕೊನೆಗಾರರನ್ನು ಕೇಳಿದೆ. "ನಾ ಎಂತ ಪಲ್ಲಕ್ಕಿನಾ ಟೀಚ್ರೆ? ನಾನಾಗೆ ಹೋಗಕ್ಕೆ ಆಗೋ ಕಡೆ ಕರೀಲಿ, ಬರ್ತೀನಿ." ಅಮ್ಮನೂ ಅಜ್ಜಿಯೂ ಅದೇ ಮಾತು. ನಾವು ಹೋಗಲಿಲ್ಲ. ನಮ್ಮವರನ್ನು ನೋಡಿ ಜನ ಕಣ್ಣೀರು ಹಾಕಲಿ ಎಂಬ ಆಸೆ ಆ ಕರೆಯಲ್ಲಿತ್ತು, ಅದು ನನಗೆ ಬಹಳ ನೋವು ಕೊಟ್ಟಿತು. ಅವತ್ತು ಬೆಳಿಗ್ಗೆ ನಮ್ಮ ಕೋಣೆಯಲ್ಲೇ ಎಂದಿನ ಹಾಗೆ ಪಾಠ ನಡೆಯಿತು. ಹೊರಗೆ ಧೋ ಎಂದು ಮಳೆ, ಕರೆಂಟು ಇರಲಿಲ್ಲ. ದುಂಬಿಯ ಹಾಗೆ ಗುಂಯ್‌ಗುಡುವ ಭ್ರಾಮರಿ ಮಾಡುವಾಗ ಮಾಡಿನ ಮೇಲಿನ ಮಳೆ ಸದ್ದಿನಲ್ಲಿ ಯಾರ ದನಿ ಯಾರದ್ದು ಅಂತ ಗೊತ್ತಾಗದಷ್ಟು ಸೇರಿಕೊಂಡಿತ್ತು.

ಕೊನೆಗಾರರ ಕಾಲು ಏನೂ ಬದಲಾಗಿಲ್ಲ, ಬದಲಾಗುತ್ತದೆ ಅಂತ ನಾನು ಯಾರಿಗೂ ಹೇಳಿಲ್ಲ. ಯೋಗದಿಂದ ಬೆನ್ನುಹುರಿ ಕೂಡುತ್ತದೆ ಎಂದು ಹೇಳುವವರನ್ನು ನಂಬಬೇಡಿ, ಮಾತ್ರೆ ಬಿಡಿಸುವವರನ್ನಂತೂ ಹತ್ತಿರ ಸೇರಿಸಬೇಡಿ. ಬದಲಾದದ್ದು ಅವರ ಭುಜದ ನೋವು, ರಾತ್ರಿಯ ನಿದ್ದೆ. ಇನ್ನೊಂದು, ಈಗ ಯೋಗನಿದ್ರೆ ಹೇಳುವುದು ನಾನಲ್ಲ, ಗುರುವಾರಗಳಲ್ಲಿ ಅವರೇ. ಪಾಠಕ್ಕೆ ಮೊದಲು ಗಾಡಿಯನ್ನು ಒಬ್ಬೊಬ್ಬರ ಹತ್ತಿರ ಒಯ್ದು, ಯಾವುದು ಹೇಳಲಿ ಯಾವುದು ಬಿಡಲಿ ಅಂತ ಮೆಲ್ಲಗೆ ಕೇಳಿಕೊಂಡು ಬರುತ್ತಾರೆ. ಮೇಷ್ಟ್ರ ಮುಂದೆ ರಟ್ಟು ಹಿಡಿಯುತ್ತಾರೆ.

ಹೋದ ವಾರ ಮಳೆ ಹಿಡಿದ ಮೇಲೆ ಬಾಗಿಲ ಮುಂದಿನ ಸಿಮೆಂಟಿನ ಇಳಿಜಾರು ಪಾಚಿ ಕಟ್ಟಿ ಜಾರಲು ಶುರುವಾಗಿದೆ. ಅವರು ಗಾಡಿಯಿಂದ ಬಗ್ಗಿ ಅಂಗೈಯಿಂದ ಸವರಿ ನೋಡಿ, ಸುಣ್ಣ ಹಾಕಿ ಉಜ್ಜಿದರೆ ಎರಡು ವಾರ ತಡೀತದೆ, ಆಮೇಲೆ ತೆಂಗಿನ ನಾರಿನ ಹಾಸು ಹೊಡೆಯನ ಅಂದರು. ಮೇಷ್ಟ್ರ ಮಗಳು ಶನಿವಾರ ಸುಣ್ಣ ತರುತ್ತಾಳೆ.